ಮಾಳಗಿ ಮ್ಯಾಲ ಯಾರು ಹತ್ತಬೇಕು?

ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯ ಮೇಲೆ ಕಟ್ಟಿದ ಪದವನ್ನು ಭಜನೆಯಲ್ಲಿ, ಕ್ಯಾಸೆಟ್ಟಿನಲ್ಲಿ ಕೇಳುತ್ತ ಬೆಳೆದವರು ನಾವು. ಮನೆ ಎಂದರೆ ದೇಹ, ಸೋರಿಕೆಗೆ ಕಾರಣ ಅಜ್ಞಾನ ಎಂದು ಅದರ ಅರ್ಥ ಹೇಳುವುದು ರೂಢಿ. ಅರ್ಥ ಸರಿಯೇ. ಆದರೆ ಶಿಶುನಾಳ ಇರುವುದು ಶಿಗ್ಗಾಂವಿ ತಾಲ್ಲೂಕಿನಲ್ಲಿ, ಲಕ್ಷ್ಮೇಶ್ವರಕ್ಕೆ ದೂರವೇನಲ್ಲ. ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವರಿಗೆ ಆ ಪದ ಮೊದಲು ಮನೆಯ ಮಾತಾಗಿಯೇ ಕೇಳಿಸುತ್ತದೆ. ತೊಲೆ ಮುರಿದದ್ದು, ಜಂತಿಗೆ ಹುಳ ಬಿದ್ದದ್ದು, ಕೀಲು ಸಡಿಲಾದದ್ದು ಎಲ್ಲವೂ ಅದರಲ್ಲಿದೆ. ದುರಸ್ತಿ ಮಾಡುವವರಿಲ್ಲ, ಕತ್ತಲೆಯಲ್ಲಿ ತಾನು ಮೇಲೆ ಹತ್ತಲಾರೆ ಎಂಬ ಅಳಲೂ ಇದೆ. ನೂರೈವತ್ತು ವರ್ಷದ ಹಿಂದಿನ ಮನೆಯೊಂದನ್ನು ಪರೀಕ್ಷೆ ಮಾಡಿದ ವರದಿಯೆಂದು ಅದನ್ನು ಓದಿದರೂ ತಪ್ಪಿಲ್ಲ.

ಆ ಮನೆಯ ಮಾಳಿಗೆ ಕಟ್ಟುವ ಬಗೆ ಹೀಗೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆ ಚೂರು. ಅದರ ಮೇಲೆ ಬೇವಿನ ಸೊಪ್ಪು, ಬಂದರಿಕೆ ಸೊಪ್ಪಿನಂಥ ಹಾಸು. ಆಮೇಲೆ ಮಣ್ಣು, ದಿಮ್ಮಸಿನ ಪೆಟ್ಟು. ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಹೊಲದ ಎರೆಮಣ್ಣು ಕೈಗೆ ಸಿಗುವಷ್ಟಿದ್ದರೂ ಮೇಲಿನ ಪದರಕ್ಕೆ ಅದನ್ನು ಹಾಕುವುದಿಲ್ಲ. ಒಣಗಿದರೆ ಎರೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ. ಸೋಡಿಯಂ ಹೆಚ್ಚಿರುವ ಕರಲು ಮಣ್ಣಿನ ಗುಣ ಬೇರೆ. ನೀರು ಬಿದ್ದೊಡನೆ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಬೆಳೆಗೆ ಕೇಡಾದ ಮಣ್ಣು ಮಾಳಿಗೆಗೆ ವರವಾದದ್ದು ಹೀಗೆ. ಇದನ್ನು ಕಂಡುಕೊಂಡವರು ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋದವರಲ್ಲ.

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಗದಗ ಸೀಮೆಗೆ ಚಪ್ಪಟೆ ಮಾಳಿಗೆ ಸಾಕಾಗಿತ್ತು. ಮೆಣಸಿನಕಾಯಿ ಒಣಹಾಕಲು ಅದೇ, ಬೇಸಿಗೆಯಲ್ಲಿ ಮಲಗಲು ಅದೇ. ಸ್ವಾತಂತ್ರ್ಯ ಬರುವವರೆಗೆ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಆಳುವವರು ಮೂವರು, ಮಾಳಿಗೆ ಮಾತ್ರ ಒಂದೇ.

ರಿಪೇರಿ ಯಾರ ಹೊಣೆ ಎಂಬ ಪ್ರಶ್ನೆಗೆ ದೇವಸ್ಥಾನಗಳಲ್ಲಿ ಉತ್ತರ ಮೊದಲೇ ಬರೆದಿರುತ್ತಿತ್ತು. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರಿದದ್ದು, ಹಳತಾದದ್ದನ್ನು ಸರಿಮಾಡಲೆಂದು ಹೊಲ, ತೋಟ, ಸುಂಕದ ಪಾಲು ಬಿಟ್ಟುಕೊಡುತ್ತಿದ್ದರು. ಕಲ್ಲಿನ ಗುಡಿಯೂ ಸೋರುತ್ತದೆಂದು ಕಟ್ಟಿಸಿದವರಿಗೆ ಗೊತ್ತಿತ್ತು. ಒಕ್ಕಲಿನ ಮನೆಗೆ ಯಾರೂ ಉಂಬಳಿ ಬಿಡಲಿಲ್ಲ. ಅಲ್ಲಿ ಇದ್ದದ್ದು ಮುಯ್ಯಾಳು. ಈ ವಾರ ನಿಮ್ಮ ಮಾಳಿಗೆಗೆ ನಾವು ಮಣ್ಣು ಹೊತ್ತರೆ ಮುಂದಿನ ವಾರ ನಮ್ಮದಕ್ಕೆ ನೀವು. ರೋಹಿಣಿ ಮುಗಿದು ಮಿರಗ ಕೂಡುವುದರೊಳಗೆ ಊರಿನ ಕೆಲಸ ಮುಗಿಯಬೇಕು. ಹಾಗಾಗಿ ‘ನಾವೇ ಮಾಡೋಣವೋ ಬೇಡವೋ’ ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಎಲ್ಲಿಯವರೆಗೆ ನಾವು ಮಾಡಬಹುದು, ಎಲ್ಲಿ ಬಡಿಗರನ್ನು ಕರೆಯಬೇಕು ಎಂಬುದಷ್ಟೇ ಪ್ರಶ್ನೆ.

ಅದರ ವಿವರವೇ ಈ ವಿದ್ಯೆಯ ತಿರುಳು. ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಜಂತಿಗುಂಟ ಹರಿದು ಎರಡು ಮೊಳ ಆಚೆ ತೊಟ್ಟಿಕ್ಕಬಹುದು. ಇಲಿಯ ಬಿಲ, ಇರುವೆ ಗೂಡು, ಹುಲ್ಲಿನ ಬೇರು, ಬೆಳಕಿಂಡಿಯ ಅಂಚು, ಇವು ಮೊದಲು ನೋಡಬೇಕಾದ ಜಾಗ. ಹುಲ್ಲು ಕಿತ್ತು, ಬಿಲ ಮುಚ್ಚಿ, ಕರಲು ಮಣ್ಣು ಹರವಿ ಬಡಿಯುವುದು ಮನೆಯವರ ಕೆಲಸ. ಮಳೆ ಸುರಿಯುವಾಗ ಮಾತ್ರ ಹತ್ತಬಾರದು. ತೊಯ್ದ ಮಣ್ಣಿನಲ್ಲಿ ಕಾಲು ಹೂತ ಕಡೆಯೆಲ್ಲ ಹೊಸ ಕುಣಿ ಬಿದ್ದು ಅಲ್ಲಿ ನೀರು ನಿಲ್ಲುತ್ತದೆ. ಜಂತಿಯನ್ನು ಬಡಿದರೆ ಬದ್ದು ಸದ್ದು ಬಂದರೆ, ಕೆಳಗೆ ಕಟ್ಟಿಗೆಯ ಹುಡಿ ಉದುರಿದ್ದರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ ಮೇಲೆ ಹೋಗುವ ಮಾತೇ ಇಲ್ಲ. ಹಾಸಿಗೆ ಹೊರಗೆ ತೆಗೆದು ಬಡಿಗರಿಗೆ ಹೇಳಿಕಳಿಸಬೇಕು. ಕತ್ತಲೆಯಲ್ಲಿ ಹತ್ತಲಾರೆ ಎಂದ ಶರೀಫರ ಪದದ ಮನೆಯಾತ ನಮ್ಮ ಕಣ್ಣಿಗೆ ಅಂಜುಬುರುಕನಲ್ಲ, ತಿಳಿದವನು.

ಈ ವಿದ್ಯೆಯಲ್ಲೂ ಒಂದು ದೋಷವಿತ್ತು, ಅದನ್ನು ಮುಚ್ಚಿಡಬಾರದು. ಪ್ರತಿ ವರ್ಷ ಹೊಸ ಮಣ್ಣು ಹಾಕುವವರು ಹಳೆಯದನ್ನು ಕೆರೆದು ಇಳಿಸುವುದನ್ನು ಮರೆತರೆ ಮಾಳಿಗೆ ದಪ್ಪವಾಗುತ್ತಲೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿದೆವು. 10 ಅಡಿಗೆ 10 ಅಡಿ ಖೋಲಿಯ ಮೇಲೆ 1 ಅಡಿ ಮಣ್ಣೆಂದರೆ 100 ಘನ ಅಡಿ, ಒಣಗಿದ್ದಾಗಲೇ ಹತ್ತಿರ ಹತ್ತಿರ 45 ಕ್ವಿಂಟಲ್. ಒಂದಿಂಚು ಏರಿಸಿದರೆ ಮತ್ತೆ ಸುಮಾರು 4 ಕ್ವಿಂಟಲ್. ನೀರು ಕುಡಿದ ಮೇಲಿನ ಭಾರ ಬೇರೆ. ಸೋರಿಕೆ ನಿಲ್ಲಿಸಲೆಂದು ಹಾಕಿದ ಮಣ್ಣೇ ಹುಳ ತಿಂದ ಜಂತಿಯನ್ನು ಮುರಿಯುವುದುಂಟು. ಅದು ಮುರಿಯುವುದು ಹೆಚ್ಚಾಗಿ ಜಡಿಮಳೆಯ ರಾತ್ರಿ, ಎಲ್ಲರೂ ಒಳಗೆ ಮಲಗಿರುವಾಗ.

ಬೆಟಗೇರಿಯಲ್ಲೂ ನೆಲೆ ಮಾಡಿಕೊಂಡಿದ್ದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಆದರೆ ಹೆಂಚಿಗೆ ಇಳಿಜಾರು ಬೇಕು, ಮಾಳಿಗೆಯನ್ನು ಪೂರ್ತಿ ಬಿಚ್ಚಿ ಬೇರೆ ಮರ ಹಾಕಬೇಕು. ಅಷ್ಟು ರೊಕ್ಕ ಯಾರಲ್ಲಿತ್ತು? ಬೆಟಗೇರಿಯ ನೇಕಾರನ ಪೇಚಂತೂ ಬೇರೆಯೇ. ಕುಣಿಮಗ್ಗದ ಮೇಲೆ ಹಾಸು ಹೂಡಿದ್ದಾಗ ಸೋರಿದರೆ ನೂಲೂ ಕೆಡುತ್ತದೆ, ಕುಣಿಯಲ್ಲಿ ನೀರು ನಿಂತು ಕೆಲಸವೂ ನಿಲ್ಲುತ್ತದೆ. ಅಲ್ಲಿ ಮಾಳಿಗೆ ಸೋರಿದರೆ ಅಂದಿನ ಕೂಲಿಯೇ ಹೋದಂತೆ.

ಈಗ ಮುಯ್ಯಾಳು ಅಪರೂಪ. ಹರೆಯದವರು ಬೆಂಗಳೂರು, ಗೋವಾ ಕಡೆ ದುಡಿಯಲು ಹೋಗಿದ್ದಾರೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದು ಆಗಬೇಕಾದದ್ದೇ, ಆದರೆ ಗುಡ್ಡದಿಂದ ಸೊಪ್ಪು, ಮರ ತರುವ ಮಾತು ಅಲ್ಲಿಗೆ ಮುಗಿಯಿತು. ಅದೇ ವರ್ಷದ ಆಗಸ್ಟ್ ನೆರೆಯ ನಂತರ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಬೀಳದೆ, ಬರೀ ಸೋರುತ್ತ ನಿಂತ ಮನೆಗೆ ಆ ಲೆಕ್ಕದಲ್ಲಿ ಜಾಗ ಸಿಗಲಿಲ್ಲ. ಮಾಳಿಗೆಯನ್ನು ಹೊತ್ತಿಗೆ ಸರಿಯಾಗಿ ನೋಡಿಕೊಂಡು ಉಳಿಸಿಕೊಂಡವರಿಗೆ ಸಿಕ್ಕಿದ್ದೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಆರ್‌ಸಿಸಿ ಹಾಕಿಸಿದವರೂ ಪಾರಾಗಿಲ್ಲ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಸಿಮೆಂಟು ಚಕ್ಕೆಯಾಗಿ ಉದುರುತ್ತದೆ. ಅದನ್ನು ಕರಲು ಮಣ್ಣಿನಿಂದ ಮುಚ್ಚಲಾಗದು. ಮಣ್ಣಿನ ಮಾಳಿಗೆ ಉಳಿದ ಮನೆಗಳಲ್ಲಿ ಮಿರಗಕ್ಕೆ ಮುಂಚೆ ಈಗ ಏಣಿ ಇಡುವುದು ತಾಡಪತ್ರಿ ಹಾಸಲಿಕ್ಕೆ. ಗಾಳಿಗೆ ಹಾರದಿರಲೆಂದು ಅದರ ಮೇಲೆ ಕಲ್ಲು, ಹಳೆಯ ಟೈರು ಹೇರುತ್ತಾರೆ. ಅದರ ಕೆಳಗಿನ ಜಂತಿ ಹೇಗಿದೆಯೆಂದು ಬಡಿದು ನೋಡುವವರು ಕಡಿಮೆ.