ಹಳೆಯ ಸಿಂಥಸೈಜರ್ ಕೆಟ್ಟಿದೆಯೇ? ಅರ್ಥ್ ಪಿನ್ ಕೀಳುವ ಮೊದಲು ಇದನ್ನು ಓದಿ

ಅಟ್ಟದ ಮೇಲಿದ್ದ ಹಳೆಯ ಕೀಬೋರ್ಡ್ ಇಳಿಸಿ, ದೂಳು ಒರೆಸಿ, ಪ್ಲಗ್ ಹಾಕಿದಿರಿ. ದೀಪವೇ ಹತ್ತಲಿಲ್ಲ. ಅಥವಾ ದೀಪ ಹತ್ತಿತು, ಸದ್ದು ಬರಲಿಲ್ಲ. ಅಥವಾ ಸದ್ದಿನ ಹಿಂದೆಯೇ ದೊಡ್ಡದಾಗಿ 'ಗುಂಯ್' ಎನ್ನುವ ಶಬ್ದವೂ ಬಂತು. ಗ್ರೂಪಿನಲ್ಲಿ ಕೇಳಿದರೆ ಸಲಹೆಗಳಿಗೇನೂ ಬರವಿಲ್ಲ: 'ಗುಂಯ್ ಅಂದ್ರೆ ಅರ್ಥ್ ಪಿನ್ ಕಿತ್ತುಹಾಕಿ', 'ಎಲ್ಲಾ ಕೆಪಾಸಿಟರ್ ಬದಲಾಯಿಸಿಬಿಡಿ', 'ಒಳಗೆ ಡಬ್ಲ್ಯುಡಿ-40 ಹೊಡೀರಿ, ಸರಿ ಹೋಗತ್ತೆ'.

ಈ ಮೂರರಲ್ಲಿ ಒಂದು ದುಡ್ಡು ಕಳೆಯುತ್ತದೆ, ಇನ್ನೊಂದು ವಾದ್ಯವನ್ನು ಕೆಡಿಸುತ್ತದೆ, ಮತ್ತೊಂದು ಪ್ರಾಣವನ್ನೇ ತೆಗೆಯಬಹುದು. ಅಪಾಯದ್ದನ್ನೇ ಮೊದಲು ನೋಡೋಣ.

'ಅರ್ಥ್ ಪಿನ್ ತೆಗೆದರೆ ಗುಂಯ್ ನಿಲ್ಲುತ್ತದೆ' – ನಿಜವೇ?

ಎಷ್ಟೋ ಸಲ ನಿಲ್ಲುತ್ತದೆ. ಆದ್ದರಿಂದಲೇ ಈ ಸಲಹೆ ಇಷ್ಟು ಜನಪ್ರಿಯ, ಆದ್ದರಿಂದಲೇ ಇಷ್ಟು ಅಪಾಯಕಾರಿ. ಕೀಬೋರ್ಡಿಗೆ ಒಂದು ಕಡೆಯಿಂದ, ಆಂಪ್ಲಿಫೈಯರಿಗೆ ಇನ್ನೊಂದು ಕಡೆಯಿಂದ ಅರ್ಥ್ ಸಿಕ್ಕಿ, ಎರಡರ ನಡುವೆ ಆಡಿಯೊ ಕೇಬಲ್ ಕೂಡ ಇದ್ದರೆ ತಂತಿಯ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ವಿದ್ಯುತ್ತೇ 50 ಹರ್ಟ್ಸಿನ ಗುಂಯ್. ಪಿನ್ ಕಿತ್ತರೆ ಸುತ್ತು ಕಡಿಯುತ್ತದೆ, ಶಬ್ದವೂ ನಿಲ್ಲುತ್ತದೆ.

ಆದರೆ ಅರ್ಥ್ ಇರುವುದು ಶಬ್ದಕ್ಕಾಗಿ ಅಲ್ಲ. 40 ವರ್ಷದ ವಾದ್ಯದಲ್ಲಿ ತಂತಿಯ ಹೊದಿಕೆ ಒಣಗಿ ಬಿರಿದು, 230 ವೋಲ್ಟಿನ ತಂತಿ ಲೋಹದ ಮೈಗೆ ತಗುಲಿತು ಎಂದುಕೊಳ್ಳಿ. ಅರ್ಥ್ ಇದ್ದರೆ ಆ ಕ್ಷಣವೇ ಫ್ಯೂಸ್ ಹಾರುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಕೀಬೋರ್ಡ್ ಎಂದಿನಂತೆ ನುಡಿಯುತ್ತಲೇ ಇರುತ್ತದೆ, ಯಾರಾದರೂ ಒಂದು ಕೈಯಲ್ಲಿ ಮೈಕ್ ಹಿಡಿದು ಇನ್ನೊಂದು ಕೈಯಿಂದ ಅದರ ಮೈ ಮುಟ್ಟುವವರೆಗೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವ ಗಣೇಶೋತ್ಸವದ ವೇದಿಕೆಯಲ್ಲಂತೂ ಇದು ಆಟವಲ್ಲ. ಮನೆಯ ಸೋರಿಕೆ ತಡೆ ಸ್ವಿಚ್ 30 ಮಿಲಿಆಂಪಿಯರಿಗೇ ಸಂಪರ್ಕ ಕಡಿಯುವಂತೆ ಇರುವುದು ಸುಮ್ಮನೆ ಅಲ್ಲ. ಎದೆಯ ಮೂಲಕ ಹರಿದರೆ ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಸರಿಯಾದ ದಾರಿ ಇದಕ್ಕಿಂತ ಸುಲಭ. ಎರಡೂ ಸಾಧನಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಸಾಲದಿದ್ದರೆ ಆಡಿಯೊ ಕೇಬಲ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಸುತ್ತು ಕಡಿಯಬೇಕಾದದ್ದು ಅಲ್ಲಿ. ಅದಕ್ಕೂ ಮೊದಲು ಒಂದು ಪರೀಕ್ಷೆ: ಎಲ್ಲ ಕೇಬಲ್ ಬಿಚ್ಚಿ, ಹೆಡ್‌ಫೋನ್ ಮಾತ್ರ ಹಾಕಿ ಕೇಳಿ. ಆಗಲೂ ಗುಂಯ್ ಇದ್ದರೆ ತಪ್ಪು ವಾದ್ಯದ ಒಳಗಿದೆ. ಅದರ ಮಾತು ಮುಂದೆ.

ದೀಪವೇ ಹತ್ತದಿದ್ದರೆ?

ಜಪಾನಿನ ಮನೆಗಳಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120 ವೋಲ್ಟ್, ನಮ್ಮಲ್ಲಿ 230. ಹೊರದೇಶದಿಂದ ಬಂಧುಗಳು ತಂದುಕೊಟ್ಟ, ಅಥವಾ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ವಾದ್ಯದ ಹಿಂಬದಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿದೆ ಎನ್ನುವುದನ್ನು ಓದದೆ ಪ್ಲಗ್ ಹಾಕಬೇಡಿ. 100 ಎಂದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಒಮ್ಮೆ ತಪ್ಪಿ 230ಕ್ಕೆ ಹಾಕಿಬಿಟ್ಟಿದ್ದರೆ, ಅದೃಷ್ಟವಿದ್ದರೆ ಫ್ಯೂಸ್ ಮಾತ್ರ ಹೋಗಿರುತ್ತದೆ. ಹೊಸ ಫ್ಯೂಸ್ ಅಷ್ಟೇ ಆಂಪಿಯರಿನದಾಗಿರಲಿ. 'ಫ್ಯೂಸ್ ಪದೇ ಪದೇ ಹೋಗ್ತಿದೆ, ದಪ್ಪ ತಂತಿ ಸುತ್ತೋಣ' ಎನ್ನುವುದು ಬೆಂಕಿಗೆ ಕೊಡುವ ಆಹ್ವಾನ.

ಅಡಾಪ್ಟರಿನಿಂದ ನಡೆಯುವ ಹಳೆಯ ಕ್ಯಾಸಿಯೊ ಕೀಬೋರ್ಡುಗಳು ನಮ್ಮಲ್ಲಿ ಬಹಳ ಮನೆಗಳಲ್ಲಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಪಿನ್ನಿನ ನಡುಭಾಗ ಋಣ, ಹೊರಸುತ್ತು ಧನ ಇರಬೇಕು. ಈಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಡಾಪ್ಟರುಗಳಲ್ಲಿ ಬಹುಪಾಲು ಇದಕ್ಕೆ ತಿರುಗುಮುರುಗು. 'ಪಿನ್ ಸರಿಯಾಗಿ ಕೂತಿದೆ, 9 ವೋಲ್ಟೇ ಇದೆ' ಎಂದು ಹಾಕಿದರೆ ವಾದ್ಯ ಕೆಡಬಹುದು. ಸಾಕೆಟ್ ಪಕ್ಕದಲ್ಲಿ ಒಂದು ಚುಕ್ಕಿ, ಅದರ ಸುತ್ತ ಅರ್ಧ ಬಳೆ, ಎರಡು ಬದಿಗೆ ಧನ-ಋಣ ಗುರುತು ಇರುವ ಪುಟ್ಟ ಚಿತ್ರ ಇರುತ್ತದೆ. ಅದು ಅಡಾಪ್ಟರಿನ ಮೇಲಿನ ಚಿತ್ರಕ್ಕೆ ಹೊಂದಬೇಕು, ಅಷ್ಟೇ.

ಆರರಲ್ಲಿ ಒಂದು ಸ್ವರ ಮಾತ್ರ ಮೂಕವಾದಾಗ

ತಪ್ಪನ್ನು ಹುಡುಕುವುದು ಹೇಗೆ ಎಂದು ಕಲಿಯಲು ರೋಲ್ಯಾಂಡ್ ಕಂಪನಿಯ ಜೂನೊ-106ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1984ರಲ್ಲಿ ಬಂದ ಈ ವಾದ್ಯ ಒಮ್ಮೆಗೆ ಆರು ಸ್ವರ ನುಡಿಸುತ್ತದೆ. ಹಾರ್ಮೋನಿಯಂನಲ್ಲಿ ಪ್ರತಿ ಮನೆಗೂ ಅದರದೇ ರೀಡ್ ಇರುತ್ತದಲ್ಲ, ಇಲ್ಲಿ ಹಾಗಲ್ಲ. 61 ಕೀಗಳಿದ್ದರೂ ಸದ್ದು ಮಾಡುವ ಸರ್ಕ್ಯೂಟ್‌ಗಳು ಆರೇ. ನೀವು ಯಾವ ಕೀ ಒತ್ತಿದರೂ ಆ ಆರರಲ್ಲಿ ಒಂದಕ್ಕೆ ಕೆಲಸ ಹಂಚಿಕೆಯಾಗುತ್ತದೆ.

ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆ. ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತಿ. ಪ್ರತಿ ಸಲವೂ ಸದ್ದು ಬರದಿದ್ದರೆ ತಪ್ಪು ಆ ಕೀಯಲ್ಲೇ, ಅಂದರೆ ಅದರಡಿಯ ರಬ್ಬರಿನಲ್ಲಿ ದೂಳು ಕೂತಿದೆ. ಆರು ಸಲಕ್ಕೆ ಒಮ್ಮೆ ಮಾತ್ರ ಸದ್ದು ತಪ್ಪಿದರೆ, ಅಥವಾ ಚಟಪಟ ಎಂದರೆ, ಕೀ ಚೆನ್ನಾಗಿದೆ, ಆರು ಸರ್ಕ್ಯೂಟ್‌ಗಳಲ್ಲಿ ಒಂದು ಕೆಟ್ಟಿದೆ. ಯಾವುದು ಎಂದು ವಾದ್ಯವೇ ಹೇಳುತ್ತದೆ: ಕೀ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿಹಿಡಿದು ಆನ್ ಮಾಡಿದರೆ ಪರೀಕ್ಷಾ ಸ್ಥಿತಿ ಶುರುವಾಗಿ, ನೀವು ಒತ್ತಿದ ಕೀಯನ್ನು ಎಷ್ಟನೇ ಸರ್ಕ್ಯೂಟ್ ನುಡಿಸುತ್ತಿದೆ ಎಂಬ ಅಂಕಿ ಪರದೆಯಲ್ಲಿ ಕಾಣುತ್ತದೆ. ಸ್ಕ್ರೂ ಒಂದನ್ನೂ ಬಿಚ್ಚದೆ ರೋಗಪತ್ತೆ!

ಹೆಚ್ಚಿನ ಸಲ ಅಪರಾಧಿ 80017ಎ ಎಂಬ ಚಿಪ್. ಒಂದೊಂದು ಸ್ವರಕ್ಕೆ ಒಂದರಂತೆ ಇಂಥವು ಆರು ಇವೆ. ಇವುಗಳ ಮೇಲೆ ಕಪ್ಪು ರಾಳದ ಲೇಪವಿದೆ. ರಕ್ಷಣೆಗೆಂದು ಬಳಿದ ಈ ಲೇಪವೇ ವರ್ಷಗಳು ಕಳೆದಂತೆ ಅತಿ ಸ್ವಲ್ಪ ವಿದ್ಯುತ್ತನ್ನು ಹರಿಯಬಿಡಲು ತೊಡಗುತ್ತದೆ ಎನ್ನುವುದು ರಿಪೇರಿ ಮಾಡುವವರ ಸಾಮಾನ್ಯ ವಿವರಣೆ. ಅದಕ್ಕೇ ಅವರು ಚಿಪ್ಪನ್ನು ಬಿಡಿಸಿ ಅಸಿಟೋನಿನಲ್ಲಿ ನೆನೆಸಿಟ್ಟು ಲೇಪ ತೆಗೆದು ಮತ್ತೆ ಕೂರಿಸುತ್ತಾರೆ. ಸತ್ತಿತೆಂದುಕೊಂಡ ಚಿಪ್ ಎಷ್ಟೋ ಸಲ ಮತ್ತೆ ಹಾಡುತ್ತದೆ. ಬೇಡವೆಂದರೆ ಹೊಸದಾಗಿ ತಯಾರಾಗುವ ಬದಲಿ ಚಿಪ್ಪುಗಳೂ ಇವೆ. ಅಂದ ಹಾಗೆ, 'ಉಗುರುಬಣ್ಣ ತೆಗೆಯುವ ದ್ರಾವಣವೂ ಅಸಿಟೋನೇ, ಬೋರ್ಡಿಗೆ ಹಾಗೇ ಸುರಿಯಬಹುದು' ಎಂದುಕೊಳ್ಳಬೇಡಿ. ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಕೀಗಳು ಅಂಟಂಟಾಗುತ್ತವೆ, ಜೊತೆಗೆ ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ಸೋರುವ ಬ್ಯಾಟರಿ: ಸದ್ದಿಲ್ಲದ ಶತ್ರು

ಕೋರ್ಗ್ ಕಂಪನಿಯ ಪಾಲಿಸಿಕ್ಸ್ 1981ರದು. ಅದರ ಮುಖ್ಯ ಬೋರ್ಡಿನ ಮೇಲೆ ನೆನಪು ಉಳಿಸಲು ಒಂದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇದೆ. ಹಳತಾದ ಮೇಲೆ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಒತ್ತಿದ್ದು ಒಂದು, ನುಡಿದದ್ದು ಇನ್ನೊಂದು ಎಂಬಂಥ ವಿಚಿತ್ರ ವರ್ತನೆ ಶುರುವಾಗುತ್ತದೆ. ಬಳಸದೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟರೂ ಸೋರಿಕೆ ನಿಲ್ಲುವುದಿಲ್ಲ. 'ಬಳಸದಿದ್ದರೆ ಹೊಸದರ ಹಾಗೇ ಇರುತ್ತದೆ' ಎನ್ನುವ ಮಾತು ಇಲ್ಲಿ ಸುಳ್ಳು.

ಸೋರಿದ್ದು ಆಮ್ಲವಲ್ಲ, ಕ್ಷಾರ. ಹಾಗಾಗಿ 'ಬ್ಯಾಟರಿ ಸೋರಿದರೆ ಅಡುಗೆ ಸೋಡಾ ಹಾಕಿ' ಎಂಬ ಸಲಹೆ ಇಲ್ಲಿ ಹೊಂದುವುದಿಲ್ಲ. ಅದು ಕಾರಿನ ಬ್ಯಾಟರಿಯ ಮದ್ದು. ಇಲ್ಲಿ ಬೇಕಿರುವುದು ದುರ್ಬಲ ಆಮ್ಲ: ಬಿಳಿ ವಿನಿಗರ್ ಅಥವಾ ಸೋಸಿದ ನಿಂಬೆರಸವನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಹಚ್ಚಿ ಉಜ್ಜಿ, ಆಮೇಲೆ ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಕೈಗವಸು ಇರಲಿ. ಕ್ಯಾಡ್ಮಿಯಂ ವಿಷ, ತೆಗೆದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಜೂನೊ-106 ಮತ್ತು ಯಮಾಹಾದ ಡಿಎಕ್ಸ್7ರಲ್ಲಿ ಇರುವುದು ಸಿಆರ್2032 ನಾಣ್ಯ ಬ್ಯಾಟರಿ. ಇದು ಬೆಸೆದ ಸ್ಥಿತಿಯಲ್ಲಿರುತ್ತದೆ. ಇದನ್ನು ತೆಗೆದ ಕೂಡಲೇ ವಾದ್ಯದಲ್ಲಿ ಉಳಿಸಿಟ್ಟ ಧ್ವನಿಗಳೆಲ್ಲ ಹೋಗುತ್ತವೆ. ಕಂಪನಿಯ ಮೂಲ ಧ್ವನಿಗಳನ್ನು ಮತ್ತೆ ತುಂಬಬಹುದು. ಹಿಂದಿನ ಒಡೆಯರು ರಾತ್ರಿಗಟ್ಟಲೆ ಕೂತು ಮಾಡಿಕೊಂಡದ್ದು ಮಾತ್ರ ಎಲ್ಲಿಯೂ ಸಿಗದು. ಆದ್ದರಿಂದ ಮೊದಲು ನಕಲು, ಆಮೇಲೆ ಬ್ಯಾಟರಿ. ಜೂನೊದಲ್ಲಿ ಇದಕ್ಕೆ ಒಂದು ಮೋಜಿನ ದಾರಿ ಇದೆ. ಅದು ತನ್ನ ನೆನಪನ್ನು ಕ್ಯಾಸೆಟ್ಟಿಗೆ ಶಬ್ದರೂಪದಲ್ಲಿ ಬರೆಯುತ್ತದೆ. ಕ್ಯಾಸೆಟ್ ಬದಲು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಆ ಕೀರಲು ಸದ್ದನ್ನು ವೇವ್ ಫೈಲಾಗಿ ಉಳಿಸಿ, ಬೇಕಾದಾಗ ಹೆಡ್‌ಫೋನ್ ಸಾಕೆಟ್ಟಿನಿಂದ ವಾಪಸು ನುಡಿಸಿದರೆ ಸಾಕು. ತುಂಬುವಾಗ ಹಿಂಬದಿಯ ಮೆಮೊರಿ ಪ್ರೊಟೆಕ್ಟ್ ಸ್ವಿಚ್ ಆಫ್ ಇರಬೇಕು.

ಹೊಸ ನಾಣ್ಯ ಬ್ಯಾಟರಿಯ ಮೈಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಸಿಡಿಯಬಹುದು. ಬೋರ್ಡಿಗೆ ಒಂದು ಹೋಲ್ಡರ್ ಬೆಸೆದು ಅದರೊಳಗೆ ಕೂರಿಸಿ, ಮುಂದಿನ ಸಲ ಬೆಸುಗೆಯ ಕೆಲಸವೇ ಇರುವುದಿಲ್ಲ.

'ಎಲ್ಲಾ ಕೆಪಾಸಿಟರ್ ಬದಲಿಸಿ' – ಬೇಕೇ?

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದರೆ ಪುಟ್ಟ ಡಬ್ಬಿಯಂತೆ ನಿಂತಿರುವುದು, ಹಳತಾಗುತ್ತದೆ ಎನ್ನುವುದು ನಿಜ. ಅದರೊಳಗಿನ ದ್ರವ ನಿಧಾನಕ್ಕೆ ಒಣಗುತ್ತದೆ. ಅದರ ಮೇಲೆ '85 ಡಿಗ್ರಿ' ಎಂದು ಬರೆದಿದ್ದರೆ ಸಾಮಾನ್ಯವಾಗಿ ಆ ಬಿಸಿಯಲ್ಲಿ 2,000 ಗಂಟೆ ಬಾಳಿಕೆ ಎಂದರ್ಥ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಬಾಳಿಕೆ ಸುಮಾರು ಇಮ್ಮಡಿ ಎನ್ನುವುದು ಎಂಜಿನಿಯರುಗಳ ರೂಢಿಯ ಲೆಕ್ಕ. 45 ಡಿಗ್ರಿಯಲ್ಲಿ ಅದೇ ಕೆಪಾಸಿಟರ್ 32,000 ಗಂಟೆ ಬರುತ್ತದೆ. ಅಂದರೆ ಟ್ರಾನ್ಸ್‌ಫಾರ್ಮರ್ ಪಕ್ಕದ ಬಿಸಿ ಜಾಗದಲ್ಲಿರುವುದು ಮೊದಲು ಹೋಗುತ್ತದೆ, ತಣ್ಣಗಿರುವ ಮೂಲೆಯದು ಇನ್ನೂ ಗಟ್ಟಿಯಾಗಿರಬಹುದು. ಸೆರಾಮಿಕ್ ಮತ್ತು ಫಿಲ್ಮ್ ಕೆಪಾಸಿಟರುಗಳಲ್ಲಿ ಒಣಗಲು ದ್ರವವೇ ಇಲ್ಲ.

ಹೆಡ್‌ಫೋನ್ ಪರೀಕ್ಷೆಯಲ್ಲೂ ಗುಂಯ್ ಎಂದಿತ್ತಲ್ಲ, ಅದು ಬಹುಮಟ್ಟಿಗೆ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರುಗಳ ದೂರು. ಅದು 50 ಅಲ್ಲ, 100 ಹರ್ಟ್ಸಿನ ಸದ್ದು. ಮಲ್ಟಿಮೀಟರಿನಲ್ಲಿ ಮೊದಲು ನೋಡಬೇಕಾದದ್ದೂ ಇದನ್ನೇ. ಜೂನೊದಂಥ ವಾದ್ಯದಲ್ಲಿ ಧನ 15, ಋಣ 15 ಮತ್ತು ಧನ 5 ವೋಲ್ಟ್ ಇರಬೇಕು. ಈ ಮೂರು ಸರಿಯಿಲ್ಲದಿದ್ದರೆ ಬೇರೆ ಏನನ್ನು ಪರೀಕ್ಷಿಸಿದರೂ ವ್ಯರ್ಥ. ಹಾಗೆ ಸಾಕ್ಷಿ ಸಿಕ್ಕ ನಾಲ್ಕಾರು ಕೆಪಾಸಿಟರ್ ಬದಲಿಸುವುದು ರಿಪೇರಿ. ಸಾಕ್ಷಿಯಿಲ್ಲದೆ ನೂರು ಬದಲಿಸುವುದು ಜೂಜು. ಹಳೆಯ ಬೋರ್ಡಿನ ತಾಮ್ರ ಬಿಸಿಗೆ ಎದ್ದುಬರುತ್ತದೆ, ಒಂದನ್ನು ತಿರುಗುಮುರುಗಾಗಿ ಹಾಕಿದರೂ ಅದು ಸಿಡಿಯುತ್ತದೆ. ಒಂದು ತಪ್ಪಿದ್ದ ಕಡೆ ಮೂರಾಗುತ್ತವೆ, ಮೂರನ್ನೂ ಮಾಡಿದ್ದು ನೀವೇ.

ಇನ್ನೊಂದು ಎಚ್ಚರಿಕೆ: ಪ್ಲಗ್ ಕಿತ್ತ ಕೂಡಲೇ ಒಳಗೆ ಕೈ ಹಾಕಬೇಡಿ. ಸ್ವಿಚ್ ಮೋಡ್ ಸಪ್ಲೈ ಇರುವ ಸಾಧನದಲ್ಲಿ ಕೆಪಾಸಿಟರ್ 325 ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರಬಹುದು. ಪವರ್ ಸಪ್ಲೈಯ ಭಾಗ ಅಭ್ಯಾಸವಿದ್ದವರಿಗೇ ಇರಲಿ.

ಸ್ಪ್ರೇ ಮತ್ತು ಸ್ಯಾನಿಟೈಸರ್

ಡಬ್ಲ್ಯುಡಿ-40 ತುಕ್ಕು ಹಿಡಿದ ಬೋಲ್ಟಿಗೆ ಒಳ್ಳೆಯದು. ಸ್ಲೈಡರುಗಳಿಗೆ ಹೊಡೆದರೆ ಎರಡು ದಿನ ಸರಿಹೋದಂತೆ ಅನ್ನಿಸುತ್ತದೆ, ಆಮೇಲೆ ಉಳಿದ ಎಣ್ಣೆಗೆ ದೂಳು ಅಂಟಿ ಕರಕರ ಹೆಚ್ಚಾಗುತ್ತದೆ. ಬೇಕಿರುವುದು ಎಲೆಕ್ಟ್ರಾನಿಕ್ಸಿಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೇಳಿ. ಕೀಗಳ ಕೆಳಗಿನ ಕಪ್ಪು ರಬ್ಬರಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಕೊರೊನಾ ಕಾಲದಲ್ಲಿ ಮಿಕ್ಕಿದ ಸ್ಯಾನಿಟೈಸರ್ ಬೇಡ. ಕೈ ಒಣಗದಿರಲಿ ಎಂದು ಅದಕ್ಕೆ ಗ್ಲಿಸರಿನ್ ಬೆರೆಸಿರುತ್ತಾರೆ, ಅದು ಅಲ್ಲೇ ಅಂಟಿ ಉಳಿಯುತ್ತದೆ.

ಎಲ್ಲ ದೋಷವೂ ದೋಷವಲ್ಲ

ಮುಂಬೈನ ಸಂಗೀತಗಾರ ಚರಣ್‌ಜೀತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ಆಲ್ಬಂ ಮಾಡಿದರು. ಅದರಲ್ಲಿ ಬಳಸಿದ್ದು ರೋಲ್ಯಾಂಡಿನ ಜುಪಿಟರ್-8, ಟಿಬಿ-303 ಮತ್ತು ಟಿಆರ್-808. ಆಗ ಹೆಚ್ಚು ಸುದ್ದಿಯಾಗದ ಆ ಆಲ್ಬಂ 2010ರಲ್ಲಿ ಮತ್ತೆ ಬಿಡುಗಡೆಯಾಗಿ ಜಗತ್ತಿನ ಗಮನ ಸೆಳೆಯಿತು. ಆ 808 ಎಂಬ ತಾಳಯಂತ್ರದ ವಿಶೇಷ ಸದ್ದಿಗೆ ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಕೆಹಾಶಿ ಬೇಕೆಂದೇ ದೋಷವಿರುವ ಟ್ರಾನ್ಸಿಸ್ಟರುಗಳನ್ನು ಕೊಂಡು ಹಾಕಿಸಿದ್ದರು. ಅದನ್ನು 'ಕೆಟ್ಟಿದೆ' ಎಂದು ಒಳ್ಳೆಯದಕ್ಕೆ ಬದಲಿಸಿದರೆ ಯಂತ್ರ ಸರಿಯಾಗುತ್ತದೆ, ಸದ್ದು ಹೋಗುತ್ತದೆ. ಆದ್ದರಿಂದ ತೆಗೆದ ಬಿಡಿಭಾಗವನ್ನು ಎಸೆಯದೆ, ಯಾವ ಜಾಗದ್ದು ಎಂದು ಬರೆದು ಕವರಿನಲ್ಲಿ ಹಾಕಿಡಿ.

ಮತ್ತೆ ಆ 'ಕೆಂಪು ಪಾದರಸ'?

ಹಳೆಯ ರೇಡಿಯೊ, ಟಿವಿಯೊಳಗೆ ಲಕ್ಷಗಟ್ಟಲೆ ಬೆಲೆಯ ಕೆಂಪು ಪಾದರಸ ಇದೆ ಎಂಬ ಫಾರ್ವರ್ಡನ್ನು ನೀವೂ ನೋಡಿರಬಹುದು. ಅಂಥ ಪವಾಡದ ವಸ್ತುವೇ ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಸುದ್ದಿ ಹೊಲಿಗೆ ಯಂತ್ರಗಳ ಬಗ್ಗೆ ಹಬ್ಬಿ, ಜನ ಹಳೆಯ ಯಂತ್ರಗಳಿಗೆ ಮುಗಿಬಿದ್ದಿದ್ದರು. ಸಿಂಥಸೈಜರಿನಲ್ಲೂ ಅದಿಲ್ಲ. ಬೋರ್ಡಿನ ಚೂರುಪಾರು ಚಿನ್ನಕ್ಕಾಗಿ ಆಮ್ಲ ಸುರಿಯುವುದೋ ಸುಡುವುದೋ ಮಾಡಿದರೆ ಸಿಗುವುದು ಸೀಸದ ಹೊಗೆ.

ರಿಪೇರಿಗೆ ಕೊಂಡೊಯ್ಯುವುದಾದರೆ ಇಷ್ಟು ಬರೆದುಕೊಂಡು ಹೋಗಿ: ಮಾದರಿಯ ಹೆಸರು, ಹಿಂಬದಿಯ ವೋಲ್ಟ್, ತೊಂದರೆ ಆನ್ ಮಾಡಿದ ಕೂಡಲೇ ಬರುತ್ತದೋ ಬಿಸಿಯಾದ ಮೇಲೋ, ಒಂದೇ ಕೀಯಲ್ಲೋ ಎಲ್ಲದರಲ್ಲೋ, ಹೆಡ್‌ಫೋನಿನಲ್ಲೂ ಇದೆಯೋ ಇಲ್ಲವೋ. ಫೋನಿನಲ್ಲಿ ಆ ಸದ್ದಿನ ಒಂದು ನಿಮಿಷದ ರೆಕಾರ್ಡಿಂಗೂ ಇರಲಿ. ಅಂಗಡಿಯ ಮೇಜಿನ ಮೇಲಿಟ್ಟಾಗ ವಾದ್ಯ ಸರಿಯಾಗಿಯೇ ನುಡಿದುಬಿಡುವುದುಂಟು.