ಪ್ರಾಣಿಹಿಂಸಾ ನಿವಾರಣ ಶಾಸನದ ಪೂರ್ವಕಥೆ

ಭೂತದಯೆಯೇ ಧರ್ಮದ ಮೂಲವೆಂದು ಶತಮಾನಗಳಿಂದ ಬೋಧಿಸುತ್ತ ಬಂದ, ಇಂತಿಂತಹ ಪ್ರಾಣಿಗಳು ಅವಧ್ಯವೆಂದು ಅಶೋಕ ಚಕ್ರವರ್ತಿಯು ಕಂಬದ ಮೇಲೆ ಕೊರೆಯಿಸಿದ ಈ ದೇಶದಲ್ಲಿ, ಎತ್ತಿನ ಬಾಲವನ್ನು ತಿರುಚಿ ಮುರಿದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಆಧುನಿಕ ವಿಧಿಯು ಹುಟ್ಟಿದ್ದು ಕಲ್ಕತ್ತೆಯ ಗಾಡಿಬೀದಿಗಳಲ್ಲಿ. ಅಲ್ಲಿ ನೆಲೆಸಿದ್ದ ಕೋಲ್ಸ್‌ವರ್ದಿ ಗ್ರ್ಯಾಂಟ್ ಎಂಬ ಆಂಗ್ಲ ಚಿತ್ರಕಾರನು, ಹೇರಿನ ಭಾರಕ್ಕೆ ಕುಸಿದುಬೀಳುತ್ತಿದ್ದ ಪಶುಗಳನ್ನು ನೋಡಿ ಸಹಿಸಲಾರದೆ, 1861ರಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘವನ್ನು ಸ್ಥಾಪಿಸಿದನು. ಮಾದರಿಯೇನೋ ಲಂಡನ್ನಿನದು, ರಿಚರ್ಡ್ ಮಾರ್ಟಿನ್ ಎಂಬ ಐರಿಷ್ ಸದಸ್ಯನು ಪಾರ್ಲಿಮೆಂಟಿನಲ್ಲಿ ಸಹಸದಸ್ಯರ ಪರಿಹಾಸ್ಯಕ್ಕೆ ಗುರಿಯಾಗಿಯೂ 1822ರಲ್ಲಿ ದನಕುದುರೆಗಳ ಪರವಾಗಿ ಒಂದು ಶಾಸನವನ್ನು ಮಾಡಿಸಿಕೊಂಡಿದ್ದನು, ಎರಡು ವರ್ಷಗಳ ತರುವಾಯ ಅಲ್ಲಿ ಸಂಘವೂ ಏರ್ಪಟ್ಟಿತ್ತು. ಗ್ರ್ಯಾಂಟನ ಸಂಘದ ಒತ್ತಾಯವು 1869ರಲ್ಲಿ ಬಂಗಾಳದ ಶಾಸನವಾಗಿ ಫಲಿಸಿತು. 1890ರಲ್ಲಿ ಇಡಿಯ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ಕಾಯಿದೆಯೊಂದು ಬಂದಿತು.

ಆ 1890ರ ಕಾಯಿದೆಯನ್ನು ಇಂದು ಓದುವವರಿಗೆ ಒಂದು ವಿಚಿತ್ರವು ಕಣ್ಣಿಗೆ ಬೀಳದಿರದು. ಪ್ರಾಣಿಯನ್ನು ನಿರ್ದಯವಾಗಿ ಹೊಡೆಯುವುದು, ಶಕ್ತಿಮೀರಿ ಓಡಿಸುವುದು, ಅತಿಭಾರ ಹೇರುವುದು ಇವೆಲ್ಲ ಅಪರಾಧವೆಂದು ಅದು ಸಾರಿತಾದರೂ, ಆ ಕೃತ್ಯವು ಸಾರ್ವಜನಿಕ ಸ್ಥಳದಲ್ಲಾಗಲಿ ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವಂತಾಗಲಿ ನಡೆದಿರಬೇಕೆಂಬ ಷರತ್ತನ್ನೂ ಜೊತೆಯಲ್ಲಿಯೇ ವಿಧಿಸಿತ್ತು. ಗೋಡೆಯ ಮರೆಯಲ್ಲಿ ಅದೇ ಬಾರುಕೋಲು ಅದೇ ಬೆನ್ನಿನ ಮೇಲೆ ಬಿದ್ದರೆ ಕಾನೂನು ಕಣ್ಣುಮುಚ್ಚಿಕೊಂಡಿರುತ್ತಿತ್ತು. ನೊಂದ ಪಶುವಿಗಿಂತ ಆ ನೋವನ್ನು ನೋಡಿ ಮನಸ್ಸು ಕೆಡಿಸಿಕೊಳ್ಳುವ ಸಭ್ಯಸ್ಥನನ್ನೇ ಅದು ಹೆಚ್ಚಾಗಿ ರಕ್ಷಿಸುತ್ತಿತ್ತೆಂದರೆ ಅನ್ಯಾಯದ ಮಾತಾಗಲಾರದು. ರಕ್ಷಣೆಗೆ ಪಾತ್ರವಾದ ಪ್ರಾಣಿಗಳಾದರೂ ಸಾಕಿದವು ಅಥವಾ ಸೆರೆಹಿಡಿದವು ಮಾತ್ರ. ದಂಡದ ಗರಿಷ್ಠ ಮಿತಿ ನೂರು ರೂಪಾಯಿ, ಸೆರೆಯ ಮಿತಿ ಮೂರು ತಿಂಗಳು.

ಬೀದಿಯ ಕ್ರೌರ್ಯವನ್ನು ಮಾತ್ರ ಕಾಣುವ ಕಾನೂನಿನ ಕೈಗೆ ಸಹಜವಾಗಿಯೇ ಬೀದಿಯಲ್ಲಿ ದುಡಿಯುವ ಬಡವರು ಮೊದಲು ಸಿಕ್ಕಿಬೀಳುತ್ತಾರೆ. ಇದರ ಪರಿಣಾಮವು ಸ್ಪಷ್ಟವಾಗಿ ತೋರಿಬಂದದ್ದು 1930ರ ಕಲ್ಕತ್ತೆಯಲ್ಲಿ. ಬೇಸಗೆಯ ನಡುಹಗಲು ಹನ್ನೆರಡರಿಂದ ಮೂರು ಗಂಟೆಯವರೆಗೆ ಕೋಣದ ಗಾಡಿಗಳನ್ನು ಹೂಡಕೂಡದೆಂಬ ನಿಯಮವೊಂದು ಅಲ್ಲಿ ಜಾರಿಗೆ ಬಂದಿತು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಬಿಸಿಲನ್ನು ತಾಳದೆ ನೀರನ್ನೂ ಕೆಸರನ್ನೂ ಹುಡುಕಿಕೊಂಡು ಹೋಗುವ ಪ್ರಾಣಿ ಕೋಣ, ಅದನ್ನು ಕಾದ ಕಲ್ಲುಹಾಸಿನ ಮೇಲೆ ನಡುಹಗಲಿನಲ್ಲಿ ಎಳೆಸುವುದು ಘೋರವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಹೇರಿಗಿಷ್ಟೆಂದು ಕೂಲಿ ಪಡೆಯುವ ಗಾಡಿಯವನ ಪಾಲಿಗೆ ಆ ಮೂರು ಗಂಟೆಗಳು ದಿನದ ಗಳಿಕೆಯಲ್ಲಿ ಒಂದು ದೊಡ್ಡ ಭಾಗವಾಗಿದ್ದುವು. ಅದನ್ನು ತುಂಬಿಕೊಡುವ ಹೊಣೆಯನ್ನು ವರ್ತಕನೂ ಹೊರಲಿಲ್ಲ, ಸಂಘವೂ ಹೊರಲಿಲ್ಲ, ಸರ್ಕಾರವೂ ಹೊರಲಿಲ್ಲ. ಗಾಂಧೀಜಿಯವರು ದಂಡಿಯ ದಾರಿಯಲ್ಲಿದ್ದ ದಿನಗಳವು. ಏಪ್ರಿಲ್ 1ರಂದು ಗಾಡಿಯವರು ಮುಷ್ಕರ ಹೂಡಿ, ತಮ್ಮ ಗಾಡಿಗಳನ್ನೇ ಬೀದಿಗಳಿಗೆ ಅಡ್ಡಲಾಗಿ ನಿಲ್ಲಿಸಿ ಸಂಚಾರವನ್ನು ತಡೆದರು. ಪೊಲೀಸರು ಗುಂಡು ಹಾರಿಸಿದರು. ಕೆಲವರು ಪ್ರಾಣ ಕಳೆದುಕೊಂಡರು. ಕೋಣಕ್ಕೆ ನೆರಳು ಕೊಡಹೊರಟ ನಿಯಮವೊಂದು ಕೋಣದ ಒಡೆಯನ ರಕ್ತದಲ್ಲಿ ಮುಗಿದ ಈ ಪ್ರಕರಣವನ್ನು ಪ್ರಾಣಿದಯಾಪರರು ತಮ್ಮ ಚರಿತ್ರೆಯಲ್ಲಿ ಹೆಚ್ಚಾಗಿ ನೆನೆಯುವುದಿಲ್ಲ. ನೆನೆಯಬೇಕಾಗಿತ್ತು.

ಸ್ವಾತಂತ್ರ್ಯಾನಂತರ ಪ್ರಾಣಿಹಿಂಸಾ ನಿವಾರಣದ ಕಾರ್ಯವನ್ನು ಕೈಗೆತ್ತಿಕೊಂಡವರು ರುಕ್ಮಿಣೀದೇವಿ ಅರುಂಡೇಲರು. ಭರತನಾಟ್ಯಕ್ಕೆ ಶಿಷ್ಟಸಮಾಜದಲ್ಲಿ ಸ್ಥಾನ ದೊರಕಿಸಿದವರಲ್ಲಿ ಅಗ್ರಗಣ್ಯರೆಂದು, 1936ರಲ್ಲಿ ಕಲಾಕ್ಷೇತ್ರವನ್ನು ಕಟ್ಟಿದವರೆಂದು ಅವರನ್ನು ಎಲ್ಲರೂ ಬಲ್ಲರು. ರಾಜ್ಯಸಭೆಯಲ್ಲಿ ಅವರು ಮಾಡಿದ ಕೆಲಸವನ್ನು ಬಲ್ಲವರು ವಿರಳ. ರಾಷ್ಟ್ರಪತಿಗಳಿಂದ 1952ರಲ್ಲಿ ನಾಮಕರಣಗೊಂಡು ಸಭೆಯನ್ನು ಪ್ರವೇಶಿಸಿದ ಅವರ ಹಿಂದೆ ಪಕ್ಷದ ಬಲವಿರಲಿಲ್ಲ, ಕ್ಷೇತ್ರದ ಮತದಾರರಿರಲಿಲ್ಲ. ಇದ್ದುದು ಥಿಯೊಸಾಫಿಕಲ್ ಸೊಸೈಟಿಯ ಸಂಸ್ಕಾರದಿಂದ ಬಂದ ಅಹಿಂಸಾನಿಷ್ಠೆ ಮತ್ತು ಸಭೆಯನ್ನು ಸೆರೆಹಿಡಿಯಬಲ್ಲ ವಾಕ್ಶಕ್ತಿ. ಪ್ರಾಣಿಹಿಂಸೆಯನ್ನು ತಡೆಯಲು ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ವಿಜ್ಞಾನದ ಹೆಸರಿನಲ್ಲಿ ಪ್ರಯೋಗಶಾಲೆಗಳೊಳಗೆ ನಡೆಯುವ ಜೀವಚ್ಛೇದನವನ್ನೂ ಕಟ್ಟಿಹಾಕಬೇಕೆಂಬುದು ಅವರ ಆಶಯವಾಗಿತ್ತು. 1954ರಲ್ಲಿ ಅದು ಚರ್ಚೆಗೆ ಬಂದಾಗ ಪ್ರಧಾನಿ ನೆಹರೂ ಅವರು ತಾವೇ ಎದ್ದು, ಉದ್ದೇಶಕ್ಕೆ ತಮ್ಮ ಸಮ್ಮತಿಯಿದೆಯೆಂದೂ, ವಿಷಯವನ್ನು ಪರಿಶೀಲಿಸಲು ಸರ್ಕಾರವು ಸಮಿತಿಯೊಂದನ್ನು ನೇಮಿಸುವುದೆಂದೂ ಆಶ್ವಾಸನವಿತ್ತು, ಮಸೂದೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೋರಿದರು. ಅವರು ಹಿಂದಕ್ಕೆ ತೆಗೆದುಕೊಂಡರು.

ಸಂಸತ್ತಿನ ಆಶ್ವಾಸನಗಳ ಗತಿಯನ್ನು ಬಲ್ಲ ಸಂಶಯಾತ್ಮನು ಇದನ್ನು ಸೋಲೆಂದೇ ಎಣಿಸಿಯಾನು. ನನಗೆ ಹಾಗೆ ತೋರುವುದಿಲ್ಲ. ಮತಕ್ಕೆ ಹಾಕಿದ್ದರೆ ಮಸೂದೆಯು ಬಿದ್ದುಹೋಗುತ್ತಿತ್ತು, ಬಿದ್ದ ಮಸೂದೆಯನ್ನು ಮತ್ತೆ ಎತ್ತುವುದು ಸುಲಭವಲ್ಲ. ಹಿಂದಕ್ಕೆ ತೆಗೆದುಕೊಂಡುದರಿಂದ ಪ್ರಧಾನಿಯ ಮಾತು ಸರ್ಕಾರದ ತಲೆಯ ಮೇಲೆ ಋಣವಾಗಿ ಉಳಿಯಿತು. ಸಮಿತಿಯು ಕೆಲಸ ಮಾಡಿತು, ಸರ್ಕಾರವೇ ಮಸೂದೆಯನ್ನು ತಂದಿತು, 1960ರ ಡಿಸೆಂಬರ್ 26ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಈ ನಡುವೆ, ಪೋಲಿಯೊ ಲಸಿಕೆಗಾಗಿ ವಿದೇಶಗಳಿಗೆ ಸಾಗಿಸುತ್ತಿದ್ದ ಕೋತಿಗಳು ದಾರಿಯಲ್ಲಿ ಉಸಿರುಕಟ್ಟಿ ಸತ್ತವೆಂಬ ಸುದ್ದಿ ಬಂದು, 1955ರಲ್ಲಿ ಕೆಲಕಾಲ ಆ ರಫ್ತನ್ನು ಸರ್ಕಾರವು ನಿಲ್ಲಿಸಿದ್ದೂ ಉಂಟು. ಪೂರ್ಣನಿಷೇಧಕ್ಕೆ ಮಾತ್ರ 1978ರವರೆಗೆ ಕಾಯಬೇಕಾಯಿತು.

ಹೊಸ ಶಾಸನದಲ್ಲಿ ಗಳಿಸಿದ್ದು ಅಲ್ಪವಲ್ಲ. ಮನುಷ್ಯನನ್ನು ಬಿಟ್ಟು ಉಳಿದ ಯಾವ ಜೀವಿಯೂ ಪ್ರಾಣಿಯೆಂದು ಅದು ಒಪ್ಪಿಕೊಂಡಿತು. ಬೀದಿಯವರ ಕಣ್ಣಿಗೆ ಬೀಳಬೇಕೆಂಬ ಹಳೆಯ ಷರತ್ತು ಅದರಲ್ಲಿರಲಿಲ್ಲ. ಜಗತ್ತಿನಲ್ಲಿಯೇ ಅಪೂರ್ವವೆನ್ನಬಹುದಾದ ಪ್ರಾಣಿಕಲ್ಯಾಣ ಮಂಡಲಿಯೊಂದು 1962ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾಗಿ, ರುಕ್ಮಿಣೀದೇವಿಯವರೇ ಅದರ ಪ್ರಥಮಾಧ್ಯಕ್ಷರಾದರು. ಬಿಟ್ಟುಕೊಟ್ಟದ್ದೂ ಅಲ್ಪವಲ್ಲ. ಪ್ರಯೋಗಗಳು ಕಾನೂನುಬದ್ಧವಾಗಿಯೇ ಉಳಿದು, ಅವುಗಳ ಮೇಲ್ವಿಚಾರಣೆಗೆ ಸಮಿತಿಯನ್ನು ನೇಮಿಸುವ ಅವಕಾಶವಷ್ಟೇ ದೊರೆಯಿತು. ಮೂಗುದಾರ ಹಾಕುವುದು, ಬೀಜ ಒಡೆಯುವುದು, ಬರೆಯಿಡುವುದು ಮೊದಲಾದ ಒಕ್ಕಲುತನದ ಕ್ರಮಗಳಿಗೆ, ನಿಯಮಾನುಸಾರ ನಡೆದರೆ, ವಿನಾಯಿತಿ ಸಿಕ್ಕಿತು. ಧರ್ಮವಿಧಿಗಾಗಿ ಮಾಡುವ ವಧೆಗೆ 1890ರ ವಿನಾಯಿತಿಯೇ ಮುಂದುವರಿಯಿತು. ಹಿಂದಿನ ವರ್ಷ ತಾನೆ, 1959ರಲ್ಲಿ, ನಮ್ಮ ಮೈಸೂರು ರಾಜ್ಯವು ಪ್ರಾಣಿಬಲಿ ನಿಷೇಧದ ಶಾಸನವನ್ನು ಮಾಡಿತ್ತೆಂಬುದನ್ನು ನೆನೆದರೆ, ದಿಲ್ಲಿಯು ಅಂಜಿದ ಕಡೆ ಮೈಸೂರು ಹೆಜ್ಜೆಯಿಟ್ಟಿತ್ತೆನ್ನಬೇಕು. ಅದೇ ನಾಡು ಆರು ದಶಕಗಳ ಬಳಿಕ ಕರಾವಳಿಯ ಕಂಬಳವನ್ನು ಉಳಿಸಿಕೊಳ್ಳಲು ಕೇಂದ್ರ ಶಾಸನಕ್ಕೆ 2017ರಲ್ಲಿ ತಿದ್ದುಪಡಿ ತಂದಿತು. ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು ಎತ್ತಿಹಿಡಿಯಿತು. ಶಾಸಕರ ಮನವೊಲಿಸುವ ವಿದ್ಯೆಯು ದಯಾಪರರಿಗೆ ಮಾತ್ರ ಮೀಸಲಾದುದಲ್ಲ.

1960ರ ಶಾಸನದಡಿ 1965ರಲ್ಲಿ ಹೇರು ಎಳೆಯುವ ಪ್ರಾಣಿಗಳ ವಿಷಯವಾಗಿ ಹೊರಬಂದ ನಿಯಮಗಳಲ್ಲಿ ಆ ಹನ್ನೆರಡರಿಂದ ಮೂರರ ಅವಧಿಯು ಮತ್ತೆ ಕಾಣಿಸಿಕೊಳ್ಳುತ್ತದೆ. ದಿನವೊಂದಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದು, ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು ಒಂದೇಸಮನೆ ನಡೆಸಕೂಡದು, ಉಷ್ಣತೆಯು 37 ಡಿಗ್ರಿ ಸೆಲ್ಷಿಯಸ್ ಮೀರುವ ಕಡೆಗಳಲ್ಲಿ ನಡುಹಗಲು ಹನ್ನೆರಡರಿಂದ ಮೂರರವರೆಗೆ ಹೂಡಲೇಕೂಡದು. ಕಲ್ಕತ್ತೆಯಲ್ಲಿ ಗುಂಡಿನಿಂದ ಸಾಧಿಸಹೊರಟದ್ದು ಮೂವತ್ತೈದು ವರ್ಷಗಳ ಮೇಲೆ ದೇಶಕ್ಕೆಲ್ಲ ನಿಯಮವಾಯಿತು. ಗಾಡಿಯವನ ಕಳೆದುಹೋದ ಕೂಲಿಯ ಮಾತು ಮಾತ್ರ ಆಗಲೂ ಬರಲಿಲ್ಲ. ಆದಕಾರಣವೇ ಬೇಸಗೆಯ ನಡುಹಗಲಿನಲ್ಲಿ, ಹೆಗಲ ಮೇಲೆ ನೊಗದ ಹುಣ್ಣು ಹೊತ್ತ ಎತ್ತುಗಳು ಹೇರು ಎಳೆಯುವುದನ್ನು ಮಂಡಿಪೇಟೆಗಳಲ್ಲಿ ಬಹುಕಾಲ ಕಾಣಬಹುದಾಗಿತ್ತು.

ದಂಡದ ಮಾತು ಇನ್ನೂ ಉಳಿದಿದೆ. 1960ರ ಶಾಸನದ 11ನೆಯ ಪ್ರಕರಣದಂತೆ ಮೊದಲ ಅಪರಾಧಕ್ಕೆ ವಿಧಿಸಬಹುದಾದ ದಂಡವು ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿಯನ್ನು ಮೀರದೆ ಇರತಕ್ಕದ್ದು. ಮೂರು ವರ್ಷಗಳೊಳಗೆ ಮರುಕಳಿಸಿದರೆ ಹೆಚ್ಚೆಂದರೆ ನೂರು ರೂಪಾಯಿ, ಅಥವಾ ಮೂರು ತಿಂಗಳ ಸೆರೆ, ಅಥವಾ ಎರಡೂ. ಅಂದರೆ ಎಪ್ಪತ್ತು ವರ್ಷಗಳ ಹಿಂದಿನ ವಿಕ್ಟೋರಿಯಾ ಕಾಲದ ನೂರನ್ನು ಸ್ವತಂತ್ರ ಭಾರತವು ಒಂದು ರೂಪಾಯಿಯಷ್ಟೂ ಏರಿಸಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಈ ದಂಡ ಸಾಲದೆಂದು ಸಂಸತ್ತಿನ ಗಮನ ಸೆಳೆಯಿತು, 2022ರಲ್ಲಿ ಕೇಂದ್ರ ಸರ್ಕಾರವು ತಿದ್ದುಪಡಿಯ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು, ಕರಡು ಶಾಸನವಾಗಿಲ್ಲ. ಪಕ್ಷವೂ ಕ್ಷೇತ್ರವೂ ಇಲ್ಲದ ಒಬ್ಬ ಮಹಿಳೆಯ ಮಾತಿಗೆ ಸಂಸತ್ತು ಒಮ್ಮೆ ಕಿವಿಗೊಟ್ಟಿತ್ತಾದ್ದರಿಂದ, ಮತವುಳ್ಳ ಓದುಗರು ತಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಒಂದು ಕಾಗದ ಬರೆದು ಆ ಐವತ್ತು ರೂಪಾಯಿಯ ವಿಷಯವನ್ನು ಕೇಳಲಿ. ಬರೆಯುವಾಗ ಗಾಡಿಯವನ ಮೂರು ಗಂಟೆಯ ಕೂಲಿಯನ್ನೂ ಅದೇ ಕಾಗದದಲ್ಲಿ ಸೇರಿಸಲಿ.