ನೆತ್ತರು ಮತ್ತು ಅದು ಹರಿಯುವ ದಾರಿ

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಹೆಪ್ಪುಗಟ್ಟದಂತೆ ಮಾಡಿ, ನಳಿಕೆಯಲ್ಲಿ ಹಾಕಿ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಅದು ಪದರಗಳಾಗಿ ಬೇರ್ಪಡುತ್ತದೆ. ಮೇಲೆ ನಿಲ್ಲುವ ತಿಳಿಹಳದಿ ದ್ರವ ಪ್ಲಾಸ್ಮಾ. ರಕ್ತದಲ್ಲಿ ಸುಮಾರು ಶೇ. 55ರಷ್ಟು ಇದೇ. ತಳದಲ್ಲಿ ಕೆಂಪು ರಕ್ತಕಣಗಳು. ನಡುವಿನ ತೆಳ್ಳನೆಯ ಬಿಳಿ ಪದರದಲ್ಲಿ ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳೂ ಗಾಯದ ಬಾಯಿ ಮುಚ್ಚುವ ಪ್ಲೇಟ್‌ಲೆಟ್‌ಗಳೂ ಇರುತ್ತವೆ.

ಇವುಗಳಲ್ಲಿ ಕೆಂಪು ಕಣದ ಬದುಕೇ ಹೆಚ್ಚು ಬೆರಗಿನದು. ಮೂಳೆಮಜ್ಜೆಯಲ್ಲಿ ಬಲಿಯುವಾಗ ಅದು ತನ್ನ ಕೋಶಕೇಂದ್ರವನ್ನೇ ಹೊರಹಾಕುತ್ತದೆ. ಒಳಗೆಲ್ಲ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ತುಂಬಿರುತ್ತದೆ. ಸುಮಾರು 120 ದಿನ ದುಡಿದು ಗುಲ್ಮ, ಯಕೃತ್ತುಗಳಲ್ಲಿ ಕೊನೆಗೊಳ್ಳುತ್ತದೆ. ಅದರಲ್ಲಿದ್ದ ಕಬ್ಬಿಣ ಹೊಸ ಕಣಗಳಿಗೆ ಒದಗುತ್ತದೆ.

ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳ ಗೋಡೆ ದಪ್ಪ; ಮಿಡಿತದ ಒತ್ತಡವನ್ನು ಅವು ತಾಳಬೇಕು. ಮರಳಿ ತರುವ ಅಭಿಧಮನಿಗಳ ಗೋಡೆ ತೆಳು. ಕೈಕಾಲುಗಳ ಅಭಿಧಮನಿಗಳಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳಿವೆ. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಗಳನ್ನು ಬೆರಳಿನಿಂದ ಒತ್ತಿ ಇದನ್ನು ತೋರಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ರಕ್ತ ಸುತ್ತುತ್ತಲೇ ಇರುತ್ತದೆಂದು ಅವರು 1628ರಲ್ಲಿ ಪ್ರಕಟಿಸಿದರು. ಆದರೆ ಅದು ಅಪಧಮನಿಯಿಂದ ಅಭಿಧಮನಿಗೆ ದಾಟುವ ಎಡೆ ಅವರ ಕಣ್ಣಿಗೆ ಬೀಳಲಿಲ್ಲ. ಹಾರ್ವೆ ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎರಡನ್ನೂ ಬೆಸೆಯುವ ಆ ಕಿರುನಾಳಗಳನ್ನು, ಅಂದರೆ ಲೋಮನಾಳಗಳನ್ನು, ವರ್ಣಿಸಿದರು. ಅವುಗಳ ಗೋಡೆ ಒಂದೇ ಕೋಶದಷ್ಟು ದಪ್ಪ. ಅತಿ ಕಿರಿದಾದವುಗಳಲ್ಲಿ ಕೆಂಪು ಕಣಗಳು ಮೈ ಬಾಗಿಸಿ, ಒಂದರ ಹಿಂದೊಂದಾಗಿ ಸಾಗುತ್ತವೆ.